ಉಪ್ಪು ಮಣ್ಣು ತಾಳುವ ಕಳ್ಳಿ ತಳಿಯನ್ನು ನಾವೇ ಆಯ್ದುಕೊಳ್ಳುವುದು ಹೇಗೆ?

ಮಾರ್ಚ್ ತಿಂಗಳು ಬಂತೆಂದರೆ ನೇತ್ರಾವತಿ, ಗುರುಪುರ, ಶಾಂಭವಿ, ಸ್ವರ್ಣಾ ನದಿಗಳ ಕೊನೆಯ ಮೈಲುಗಳಲ್ಲಿರುವ ಊರುಗಳಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬರುತ್ತದೆ. ಬಾವಿಯ ನೀರು ಉಪ್ಪಾಗಿದೆ, ಕೊಳಕೆ ಬೆಳೆ (ಬೇಸಿಗೆಯ ಮೂರನೆಯ ಭತ್ತದ ಬೆಳೆ) ನಿಂತು ವರ್ಷಗಳಾದವು, ಗದ್ದೆಯಂಚಿನ ಜಾಗ ಹಡಿಲು ಬಿದ್ದಿದೆ. ಅಲ್ಲಿ ಮುಳ್ಳಿಲ್ಲದ ಕಳ್ಳಿಯನ್ನು ಮೇವಿಗಾಗಿ ಬೆಳೆಸಬಹುದೇ, ಉಪ್ಪು ತಾಳುವ ತಳಿ ಎಲ್ಲಿ ಸಿಗುತ್ತದೆ ಎಂಬುದು ಆ ಪ್ರಶ್ನೆ. ನಮ್ಮ ಕರಾವಳಿಯ ಉಪ್ಪಿಗೂ ನಮ್ಮ ಮಳೆಗೂ ಒಟ್ಟಿಗೆ ಹೊಂದುವ ತಳಿಯನ್ನು ಸಿದ್ಧವಾಗಿ ಕೊಂಡು ತರುವುದಕ್ಕಿಂತ, ಇರುವ ತಳಿಗಳನ್ನು ನಮ್ಮದೇ ಜಾಗದಲ್ಲಿ ಪರೀಕ್ಷಿಸಿ ಆಯ್ದುಕೊಳ್ಳುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಮೂರು ನಾಲ್ಕು ವರ್ಷದ ತಾಳ್ಮೆ, ನೂರಿಪ್ಪತ್ತು ಚೀಲ ಇಡುವಷ್ಟು ಜಾಗ, ಒಂದು ತೂಕದ ಯಂತ್ರ ಮತ್ತು ದಿನಚರಿ ಬರೆಯುವ ಅಭ್ಯಾಸ ಬೇಕು.

ಮೊದಲು ಕೆಲವು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಇಲ್ಲಿ ಕಳ್ಳಿ ಎಂದರೆ ಪಾಪಾಸುಕಳ್ಳಿಯ ಕುಲ, ಅದರಲ್ಲೂ ಮೆಕ್ಸಿಕೋ ಮೂಲದ ‘ಒಪನ್ಶಿಯಾ ಫೈಕಸ್-ಇಂಡಿಕಾ’ ಎಂಬ ಜಾತಿ. ಬೇಲಿಗೆ ನೆಡುವ, ಮುರಿದರೆ ಹಾಲು ಬರುವ ಚದುರಕಳ್ಳಿ, ಬೊಂತೆಕಳ್ಳಿಗಳು ಬೇರೆಯೇ ಕುಟುಂಬದವು. ಅವುಗಳ ಹಾಲು ಕಣ್ಣಿಗೂ ಹೊಟ್ಟೆಗೂ ಅಪಾಯಕಾರಿ, ಅವನ್ನು ದನದ ಮುಂದೆ ಇಡಲೇಬಾರದು. ಪಾಪಾಸುಕಳ್ಳಿಯಲ್ಲಿ ನಾವು ಎಲೆ ಎಂದು ಕರೆಯುವುದು ವಾಸ್ತವವಾಗಿ ಚಪ್ಪಟೆಯಾದ ಕಾಂಡ; ಅನುಕೂಲಕ್ಕಾಗಿ ನಾನೂ ಎಲೆ ಎಂದೇ ಬರೆಯುತ್ತೇನೆ. ಒಂದೇ ತಾಯಿಗಿಡದ ಎಲೆಗಳನ್ನು ನೆಟ್ಟು ಪಡೆದ ಗಿಡಗಳೆಲ್ಲ ಗುಣದಲ್ಲಿ ಒಂದೇ ಆಗಿರುತ್ತವೆ, ಅಂಥ ಗುಂಪಿಗೆ ತದ್ರೂಪಿ ಎನ್ನುತ್ತಾರೆ. ಮಣ್ಣಿನ ಅಥವಾ ನೀರಿನ ಉಪ್ಪನ್ನು ಅದರ ವಿದ್ಯುತ್ ವಾಹಕತೆಯಿಂದ ಅಳೆಯಲಾಗುತ್ತದೆ. ಇದರ ಮಾನ ಮೀಟರಿಗೆ ಡೆಸಿಸೀಮೆನ್ಸ್. ಮುಂದೆ ಇದನ್ನು ‘ಡೆಸಿ’ ಎಂದಷ್ಟೇ ಬರೆಯುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಆರಂಭದಲ್ಲೇ ಬಿಡಬೇಕು. ಕಳ್ಳಿ ಬರವನ್ನು ತಾಳುತ್ತದೆ, ಆದ್ದರಿಂದ ಉಪ್ಪನ್ನೂ ತಾಳುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಕಳ್ಳಿ ತನ್ನ ರಂಧ್ರಗಳನ್ನು ಹಗಲು ಮುಚ್ಚಿ ರಾತ್ರಿ ತೆರೆಯುವುದರಿಂದ ಅದರ ನೀರಿನ ಖರ್ಚು ಬಹಳ ಕಡಿಮೆ, ಬರ ತಾಳುವ ಶಕ್ತಿ ಅಲ್ಲಿಂದ ಬರುತ್ತದೆ. ಬೇರು ಮಾತ್ರ ಉಪ್ಪಿಗೆ ಸೂಕ್ಷ್ಮ. ಸಾಮಾನ್ಯ ತದ್ರೂಪಿಗಳ ಬೆಳವಣಿಗೆ ಬೇರಿನ ಸುತ್ತಲಿನ ನೀರು ಸುಮಾರು 5 ಡೆಸಿ ದಾಟುವ ಹೊತ್ತಿಗೆ ಸ್ಪಷ್ಟವಾಗಿ ಕುಗ್ಗುತ್ತದೆ. ಆದರೆ ತದ್ರೂಪಿಯಿಂದ ತದ್ರೂಪಿಗೆ ವ್ಯತ್ಯಾಸವಿದೆ, ಆಯ್ಕೆಗೆ ಅವಕಾಶವಿರುವುದು ಅಲ್ಲಿಯೇ. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆಯ ಪಶ್ಚಿಮ ಭಾಗದ ಮಣ್ಣಿನಲ್ಲಿ ಉಪ್ಪಿನ ಜೊತೆ ಬೋರಾನ್ ಮತ್ತು ಸೆಲೆನಿಯಂ ಕೂಡ ವಿಪರೀತವಾಗಿವೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಗ್ಯಾರಿ ಬಾನ್ಯುವೆಲೋಸ್ ಅವರು ಬೇರೆ ಬೇರೆ ಮೂಲದ ಕಳ್ಳಿಗಳನ್ನು ಅಲ್ಲಿ ನೆಟ್ಟು, ಯಾವುದು ತಾಳಿಕೊಂಡು ಬೆಳೆಯುತ್ತದೆ ಎಂದು ನೋಡಿದ್ದು ಇದೇ ಆಯ್ಕೆಯ ಕ್ರಮದಿಂದ. ಅಲ್ಲಿನದು ಒಣ ಹವೆ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆದ್ದರಿಂದ ಬೇಸಿಗೆಯ ಉಪ್ಪು ಮತ್ತು ಆಟಿಯ (ಜುಲೈ-ಆಗಸ್ಟ್ ಮಳೆಗಾಲದ) ಕೊಳೆ, ಇವೆರಡನ್ನೂ ದಾಟಿದ ಗಿಡ ಮಾತ್ರ ನಮಗೆ ಬೇಕಾದ ಗಿಡ.

1. ಜಾಗವನ್ನು ಗುರುತಿಸಿ, ಮಣ್ಣನ್ನು ಸರಿಯಾದ ತಿಂಗಳಲ್ಲಿ ಪರೀಕ್ಷಿಸಿ

ನೀರು ನಿಲ್ಲುವ ಬೈಲು ಗದ್ದೆಯಲ್ಲಿ ಕಳ್ಳಿ ಬೆಳೆಸುವ ಯೋಚನೆಯನ್ನು ಬಿಟ್ಟುಬಿಡಿ. ಯಾವ ತಳಿಯೂ ಅಲ್ಲಿ ಒಂದು ಮಳೆಗಾಲವನ್ನು ದಾಟಲಾರದು. ಬೆಟ್ಟು ಜಾಗ, ಎತ್ತರದ ಮಜಲು, ಕುದ್ರುಗಳ (ನದಿ ನಡುವಿನ ದ್ವೀಪಗಳ) ದಿಣ್ಣೆ, ಹೊಯಿಗೆ (ಮರಳು) ಮಣ್ಣಿನ ತೋಟದ ಅಂಚು, ಅಗಲವಾದ ಹುಣಿ (ಗದ್ದೆಯ ಬದು), ಇವು ಸೂಕ್ತ.

ಮಣ್ಣಿನ ಮಾದರಿಯನ್ನು ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ಮೊದಲ ವಾರಗಳಲ್ಲಿ, ಮಳೆ ಬೀಳುವ ಮೊದಲು ತೆಗೆಯಿರಿ. ನಾನು ಮೊದಲ ಸಲ ಸೆಪ್ಟೆಂಬರಿನಲ್ಲಿ ಮಾದರಿ ಕೊಟ್ಟು, ಉಪ್ಪೇ ಇಲ್ಲವೆಂಬ ವರದಿ ಪಡೆದು, ಒಂದು ವರ್ಷವನ್ನು ವ್ಯರ್ಥ ಮಾಡಿಕೊಂಡೆ. ಮಳೆ ಉಪ್ಪನ್ನು ಕೆಳಕ್ಕೆ ತೊಳೆದಿರುತ್ತದೆ, ಬೇಸಿಗೆಯಲ್ಲಿ ಅದು ಮತ್ತೆ ಮೇಲೇರುತ್ತದೆ. ಪ್ರತಿ ಜಾಗದಲ್ಲಿ 0–15, 15–30 ಮತ್ತು 30–60 ಸೆಂಟಿಮೀಟರ್ ಆಳದ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ತುಂಬಿ, ಬ್ರಹ್ಮಾವರದ ಅಥವಾ ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಪರೀಕ್ಷೆಗೆ ಕೊಡಿ. ವಾಹಕತೆಯ ಜೊತೆಗೆ ರಸಸಾರವನ್ನೂ (ಹುಳಿ-ಕ್ಷಾರದ ಮಾನ) ಕೇಳಿ ಪಡೆಯಿರಿ, ಏಕೆಂದರೆ ನಮ್ಮ ಮುರಮಣ್ಣು ಹುಳಿಯದು. ಉಪ್ಪಿನ ತೊಂದರೆ ಎಂದು ನಾವು ತಿಳಿದದ್ದು ಕೆಲವೊಮ್ಮೆ ಹುಳಿಯ ತೊಂದರೆಯಾಗಿರುತ್ತದೆ ಮತ್ತು ಅದಕ್ಕೆ ತಳಿ ಬದಲಿಸುವ ಬದಲು ಸುಣ್ಣ ಹಾಕಿದರೆ ಸಾಕಾಗುತ್ತದೆ.

ಎಚ್ಚರಿಕೆ: 4 ಡೆಸಿ ಮೀರಿದರೆ ಅದು ಉಪ್ಪು ಮಣ್ಣು ಎಂದು ಪುಸ್ತಕಗಳಲ್ಲಿ ಓದುತ್ತೀರಿ. ಆ ಅಂಕಿ ಮಣ್ಣನ್ನು ಕೆಸರಿನಂತೆ ಕಲಸಿ, ಅದರಿಂದ ಹಿಂಡಿ ತೆಗೆದ ನೀರಿಗೆ ಸಂಬಂಧಿಸಿದ್ದು. ನಮ್ಮ ಪ್ರಯೋಗಾಲಯಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತವೆ. ಹೀಗೆ ತೆಳುವಾಗುವುದರಿಂದ ಅಂಕಿ ಬಹಳ ಕಡಿಮೆ ಬರುತ್ತದೆ, ಹೊಯಿಗೆ ಮಣ್ಣಿನಲ್ಲಂತೂ ನಿಜವಾದ ಉಪ್ಪು ಅದರ ಹಲವು ಪಟ್ಟು ಇರುತ್ತದೆ. ವರದಿಯಲ್ಲಿ 1 ಎಂದಿದ್ದರೆ ನಿಶ್ಚಿಂತರಾಗಬೇಡಿ. ಯಾವ ಕ್ರಮದಿಂದ ಅಳೆದರು ಎಂಬುದನ್ನು ಕೇಳಿ ಬರೆದುಕೊಳ್ಳಿ.

2. ತದ್ರೂಪಿಗಳನ್ನು ಸಂಗ್ರಹಿಸಿ

ಎಂಟು ತದ್ರೂಪಿಗಳಾದರೂ ಇರಲಿ, ಎರಡು ಮೂರರಲ್ಲಿ ಆಯ್ಕೆ ಎಂಬುದೇ ಇರುವುದಿಲ್ಲ. ಮುಳ್ಳಿಲ್ಲದ ಮೇವಿನ ಕಳ್ಳಿಯ ಕೆಲಸ ನಮ್ಮ ದೇಶದಲ್ಲಿ ಗುಜರಾತಿನ ಭುಜ್ ಬಳಿಯ ಕುಕ್ಮಾದಲ್ಲಿರುವ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿಯೂ ಝಾನ್ಸಿಯ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯಲ್ಲಿಯೂ ನಡೆದಿದೆ. ಎರಡನೆಯದಕ್ಕೆ ಧಾರವಾಡದಲ್ಲೂ ಒಂದು ಕೇಂದ್ರವಿದೆ. 1270, 1271 ಎಂಬಂಥ ಸಂಖ್ಯೆಗಳಿಂದ ಕರೆಯುವ ತದ್ರೂಪಿಗಳನ್ನು ನಮ್ಮ ದೇಶದಲ್ಲಿ ಬೆಳೆಸಿ ನೋಡಿದ್ದಾರೆ. ಸಂಸ್ಥೆಗಳಿಗೆ ಪತ್ರ ಬರೆಯುವಾಗ ಪ್ರತಿ ತದ್ರೂಪಿಯ ಸಂಖ್ಯೆಯನ್ನು ಕೇಳಿ ಪಡೆಯಿರಿ. ಹೆಸರಿಲ್ಲದೆ ಬಂದ ಎಲೆ ಮುಂದೆ ಎಷ್ಟೇ ಚೆನ್ನಾಗಿ ಬೆಳೆದರೂ ಅದನ್ನು ಮತ್ತೊಮ್ಮೆ ತರಿಸಿಕೊಳ್ಳಲು ದಾರಿ ಇರುವುದಿಲ್ಲ. ವಿದೇಶಕ್ಕೆ ಹೋದ ನೆಂಟರ ಪೆಟ್ಟಿಗೆಯಲ್ಲಿ ಎಲೆ ತರಿಸುವುದು ಸಸ್ಯ ಸಂಪರ್ಕ ನಿಷೇಧದ ನಿಯಮಗಳಿಗೆ ವಿರುದ್ಧ, ರೋಗ-ಕೀಟಗಳ ದೃಷ್ಟಿಯಿಂದಲೂ ತಪ್ಪು.

ಕಡಲತಡಿಯ ಹೊಯಿಗೆಯಲ್ಲಿ ತಾನಾಗಿ ಬೆಳೆದ ಮುಳ್ಳಿನ ಪಾಪಾಸುಕಳ್ಳಿಯನ್ನು ತೋರಿಸಿ, ಇದಕ್ಕಿಂತ ಉಪ್ಪು ತಾಳುವ ಗಿಡ ಬೇಕೇ ಎಂದು ಹಲವರು ಕೇಳುತ್ತಾರೆ. ಒಂದು ತದ್ರೂಪಿಯಾಗಿ, ಹೋಲಿಕೆಗಾಗಿ, ಅದನ್ನು ಖಂಡಿತ ಸೇರಿಸಿಕೊಳ್ಳಿ. ಆದರೆ ಅಲೆಯ ತುಂತುರು ಎಲೆಯ ಮೇಲೆ ಬೀಳುವುದೇ ಬೇರೆ, ಬೇರು ಉಪ್ಪು ನೀರಿನಲ್ಲಿರುವುದೇ ಬೇರೆ. ಕಳ್ಳಿಯ ಎಲೆಗೆ ಮೇಣದ ಹೊದಿಕೆ ಇರುವುದರಿಂದ ತುಂತುರು ಒಳಗೆ ಇಳಿಯುವುದಿಲ್ಲ. ಕಡಲಬದಿಯ ಹೊಯಿಗೆಯಲ್ಲಿ ಮೇಲಿನ ಪದರದ ಉಪ್ಪನ್ನು ಮಳೆ ಪ್ರತಿ ವರ್ಷ ತೊಳೆದುಬಿಡುತ್ತದೆ. ಕಡಲ ಪಕ್ಕದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದನ್ನು ಉಪ್ಪು ತಾಳುವ ಗಿಡ ಎಂದು ತೀರ್ಮಾನಿಸಲಾಗದು.

ತಂದ ಎಲೆಗಳನ್ನು ಮೂರು ವಾರ ಪ್ರತ್ಯೇಕವಾಗಿಟ್ಟು ಗಮನಿಸಿ. ಬಿಳಿಯ ಹತ್ತಿಯಂಥ ಮುದ್ದೆ ಕಂಡು, ಅದನ್ನು ಕಡ್ಡಿಯಿಂದ ಹಿಸುಕಿದಾಗ ಕೆಂಪು ರಸ ಬಂದರೆ ಅದು ಕೊಚಿನಿಯಲ್ ಹುಳು. ಇದರ ಒಂದು ಜಾತಿಯನ್ನು 1795ರಲ್ಲಿ ಬಣ್ಣಕ್ಕಾಗಿ ಭಾರತಕ್ಕೆ ತಂದಾಗ ಅದು ಇಲ್ಲಿನ ಒಂದು ಬಗೆಯ ಪಾಪಾಸುಕಳ್ಳಿಯನ್ನೇ ತಿಂದು ಮುಗಿಸತೊಡಗಿತು. ಮುಂದೆ 1926ರಲ್ಲಿ ಇನ್ನೊಂದು ಜಾತಿಯನ್ನು ಕಳೆಯಾಗಿ ಹಬ್ಬಿದ್ದ ಕಳ್ಳಿಯ ನಾಶಕ್ಕಾಗಿಯೇ ತಂದು ಬಿಟ್ಟರು. ಕಾಡು ಗಿಡಗಳ ಮೇಲೆ ಅದು ಈಗಲೂ ಇರಬಹುದಾದ್ದರಿಂದ, ಹುಳು ಕಂಡ ಎಲೆಯನ್ನು ಮರುಕವಿಲ್ಲದೆ ಸುಟ್ಟುಬಿಡಿ.

3. ಎಲೆಗಳನ್ನು ಸಿದ್ಧಪಡಿಸಿ ಚೀಲದಲ್ಲಿ ನೆಡಿ

ಮಳೆ ಪೂರ್ತಿ ನಿಂತ ಮೇಲೆ, ಅಂದರೆ ದೀಪಾವಳಿಯ ಆಸುಪಾಸಿನಲ್ಲಿ, ಸುಮಾರು ಒಂದು ವರ್ಷ ಬಲಿತ ಎಲೆಗಳನ್ನು ಕೀಲಿನಲ್ಲಿ ಚೂಪು ಕತ್ತಿಯಿಂದ ಕತ್ತರಿಸಿ. ಮುಳ್ಳಿಲ್ಲದ ತಳಿಯಲ್ಲೂ ಕೂದಲಿನಂಥ ಸಣ್ಣ ಮುಳ್ಳುಗಳಿರುತ್ತವೆ, ಬರಿಗೈಯಲ್ಲಿ ಮುಟ್ಟಬೇಡಿ. ಕತ್ತರಿಸಿದ ತುದಿಯನ್ನು ಅಡಿಕೆಗೆ ಬಳಸುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ ಅದ್ದಿ, ಎರಡು ಮೂರು ವಾರ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಗಾಯ ಗಟ್ಟಿಯಾಗದೆ ನೆಟ್ಟ ಎಲೆ ಬುಡದಿಂದ ಕೊಳೆಯುತ್ತದೆ.

ಎಂಟು ತದ್ರೂಪಿ, ಮೂರು ಉಪ್ಪಿನ ಮಟ್ಟ, ಪ್ರತಿಯೊಂದಕ್ಕೂ ಐದು ಚೀಲ ಎಂದರೆ ಒಟ್ಟು 120 ಚೀಲಗಳು. ಎಲ್ಲದರಲ್ಲೂ ಒಂದೇ ಮಿಶ್ರಣವಿರಲಿ: ಅರ್ಧ ಕೆಂಪು ಮಣ್ಣು, ಅರ್ಧ ಹೊಳೆಯ ಹೊಯಿಗೆ. ನೆಡುವ ಮೊದಲು ಪ್ರತಿ ಎಲೆಯನ್ನೂ ತೂಗಿ ಚೀಲದ ಮೇಲೆ ಬರೆಯಿರಿ. ಎಲೆಯ ಮೂರನೆಯ ಒಂದು ಭಾಗ ಮಣ್ಣಿನಲ್ಲಿರುವಂತೆ ನೆಟ್ಟಗೆ ನಿಲ್ಲಿಸಿ. ಚೀಲಗಳನ್ನು ತದ್ರೂಪಿವಾರು ಸಾಲಾಗಿ ಇಡಬೇಡಿ. ಚೀಟಿ ಎತ್ತಿ ಕಲಸಿ ಇಡಿ. ಮಾಡಿನ ಅಂಚಿನ ಚೀಲಕ್ಕೆ ಬಿಸಿಲು ಹೆಚ್ಚು, ಗೋಡೆ ಬದಿಯದಕ್ಕೆ ಕಡಿಮೆ ಇರುವುದರಿಂದ, ಸಾಲಾಗಿ ಇಟ್ಟರೆ ನೀವು ಅಳೆಯುವುದು ತಳಿಯ ಗುಣದ ಬದಲು ಜಾಗದ ಗುಣವಾಗುತ್ತದೆ. ಬೆಳಕು ಬರುವ ಪ್ಲಾಸ್ಟಿಕ್ ಹಾಳೆಯ ಮಾಡು ಕಡ್ಡಾಯ, ಏಕೆಂದರೆ ಮೇ ತಿಂಗಳ ಒಂದು ಅಡ್ಡಮಳೆ ಐದು ತಿಂಗಳ ಕೆಲಸವನ್ನು ತೊಳೆದುಬಿಡುತ್ತದೆ.

ನೇರವಾಗಿ ಗದ್ದೆಯಲ್ಲೇ ನೆಟ್ಟು ನೋಡಿದರಾಗದೇ ಎಂದು ಕೇಳುವವರಿಗೆ: ಒಂದೇ ಗದ್ದೆಯಲ್ಲಿ ಹತ್ತು ಹೆಜ್ಜೆ ಅಂತರದಲ್ಲಿ ಉಪ್ಪು ಎರಡು ಮೂರು ಪಟ್ಟು ಬದಲಾಗಬಹುದು. ಅಲ್ಲಿ ಗೆದ್ದದ್ದು ತಳಿಯೋ, ನೆಟ್ಟ ಜಾಗವೋ ಎಂದು ಹೇಳಲು ಸಾಧ್ಯವಿಲ್ಲ.

4. ಉಪ್ಪು ನೀರನ್ನು ಹದವಾಗಿ ಕೊಡಿ

ಮೊದಲ ಆರರಿಂದ ಎಂಟು ವಾರ ಎಲ್ಲ ಚೀಲಗಳಿಗೂ ಸಿಹಿನೀರು ಮಾತ್ರ, ಬೇರು ಬರಬೇಕು. ಜನವರಿಯಿಂದ ಮೂರು ಗುಂಪು ಮಾಡಿ: ಸಿಹಿನೀರು, 4 ಡೆಸಿ, 8 ಡೆಸಿ. ಅಡುಗೆ ಉಪ್ಪಿಗಿಂತ ಸಮುದ್ರದ ನೀರನ್ನೇ ತೆಳುಮಾಡಿ ಬಳಸುವುದು ಉತ್ತಮ, ಏಕೆಂದರೆ ನಮ್ಮ ಬಾವಿಗೆ ನುಗ್ಗುವುದು ಅದೇ ನೀರು, ಅದರಲ್ಲಿ ಸೋಡಿಯಂ ಜೊತೆ ಮೆಗ್ನೀಷಿಯಂ, ಕ್ಯಾಲ್ಸಿಯಂಗಳೂ ಇವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಒಂದು ಲೀಟರಿಗೆ ಅಂದಾಜು 14 ಲೀಟರ್ ಸಿಹಿನೀರು ಬೆರೆಸಿದರೆ 4 ಡೆಸಿಗೆ ಹತ್ತಿರ, 6 ಲೀಟರ್ ಬೆರೆಸಿದರೆ 8 ಡೆಸಿಗೆ ಹತ್ತಿರ ಬರುತ್ತದೆ. ಕೊನೆಯ ಮಾತು ವಾಹಕತೆ ಅಳೆಯುವ ಪುಟ್ಟ ಮಾಪಕದ್ದು, ಅದನ್ನು ಕೊಳ್ಳದೆ ಈ ಕೆಲಸ ಆಗುವುದಿಲ್ಲ. ನೀರನ್ನು ಅಳಿವೆಯಿಂದ ತರಬೇಡಿ, ಅಲ್ಲಿ ಹೊಳೆಯ ನೀರು ಸೇರಿ ದಿನದಿಂದ ದಿನಕ್ಕೆ ಉಪ್ಪು ಬದಲಾಗುತ್ತದೆ.

ಒಮ್ಮೆಗೇ 8 ಡೆಸಿ ನೀರು ಕೊಟ್ಟರೆ ಎಳೆಯ ಬೇರು ಸಾಯುತ್ತದೆ. ವಾರಕ್ಕೆ 2 ಡೆಸಿಯಂತೆ ಏರಿಸುತ್ತಾ ಹೋಗಿ. ಹತ್ತು ದಿನಕ್ಕೊಮ್ಮೆ ನೀರು ಕೊಡುವಾಗ ಅದರ ಐದನೆಯ ಒಂದು ಭಾಗ ತಳದ ತೂತಿನಿಂದ ಹೊರಬರುವಷ್ಟು ಕೊಡಬೇಕು. ಇಲ್ಲವಾದರೆ ನೀರು ಆವಿಯಾಗಿ ಉಪ್ಪು ಚೀಲದಲ್ಲೇ ಉಳಿದು, 4 ಡೆಸಿ ಎಂದುಕೊಂಡ ಚೀಲ ಏಪ್ರಿಲ್ ವೇಳೆಗೆ 10 ದಾಟಿರುತ್ತದೆ. ತಿಂಗಳಿಗೊಮ್ಮೆ ಹೊರಬಂದ ನೀರನ್ನು ಅಳೆದು ಬರೆಯಿರಿ.

5. ಅಳತೆ: ಹಸಿರಾಗಿರುವುದನ್ನು ನಂಬಬೇಡಿ

ಅತಿ ಹೆಚ್ಚು ಜನ ಎಡವುವ ಹಂತ ಇದು. ಕಳ್ಳಿಯ ಎಲೆಯಲ್ಲಿ ಶೇಕಡಾ 85–90ರಷ್ಟು ನೀರಿರುತ್ತದೆ. ಬೇರೇ ಇಲ್ಲದೆ ನೆರಳಿನಲ್ಲಿ ಬಿಸಾಡಿದ ಎಲೆ ಕೂಡ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಕೆಲವೊಮ್ಮೆ ತನ್ನೊಳಗಿನ ಸಂಗ್ರಹದಿಂದಲೇ ಒಂದು ಚಿಗುರನ್ನೂ ಕೊಡುತ್ತದೆ. ಆದ್ದರಿಂದ 8 ಡೆಸಿಯಲ್ಲಿ ಐದು ತಿಂಗಳು ಬದುಕಿತು ಎಂಬುದು ಉಪ್ಪು ತಾಳುವ ಶಕ್ತಿಗೆ ಸಾಕ್ಷಿಯಾಗುವುದಿಲ್ಲ. ಅದು ತಾಯಿಗಿಡ ಕಟ್ಟಿಕೊಟ್ಟ ಬುತ್ತಿಯನ್ನು ಉಂಡು ಕುಳಿತಿರಬಹುದು.

ಮೇ ತಿಂಗಳ ಮೂರನೆಯ ವಾರದಲ್ಲಿ, ಪತ್ತನಾಜೆಗೆ (ಮಳೆಗಾಲದ ಹೊಸ್ತಿಲಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಮೊದಲು, ಪ್ರತಿ ಚೀಲದ ಹೊಸ ಎಲೆಗಳ ಸಂಖ್ಯೆ ಮತ್ತು ತೂಕವನ್ನು ಬರೆದು, ನೆಟ್ಟ ಎಲೆಯನ್ನೂ ಮತ್ತೆ ತೂಗಿ. ತೂಗುವ, ದಪ್ಪ ಅಳೆಯುವ ಕೆಲಸ ಎಲ್ಲ ಚೀಲಗಳಿಗೂ ಬೆಳಗ್ಗೆ ಒಂದೇ ಹೊತ್ತಿನಲ್ಲಿ ನಡೆಯಲಿ. ಹೊಸ ಎಲೆಗಳಿಂದ ಒಂದು ತುಂಡನ್ನು ಹೆಚ್ಚಿ ಒಣಗಿಸಿ ಒಣತೂಕವನ್ನೂ ನೋಡಬೇಕು, ಏಕೆಂದರೆ ನೀರು ತುಂಬಿ ಉಬ್ಬಿದ ಎಲೆ ಹಸಿ ತೂಕದಲ್ಲಿ ಮೋಸ ಮಾಡುತ್ತದೆ. ಪ್ರತಿ ಗುಂಪಿನಿಂದ ಎರಡು ಚೀಲಗಳನ್ನು ಒಡೆದು ಬೇರನ್ನು ತೊಳೆಯಿರಿ. ಬಿಳಿಯ ಎಳೆಬೇರು ಎಷ್ಟಿದೆ, ಕಂದು ಬಣ್ಣಕ್ಕೆ ತಿರುಗಿ ಸತ್ತದ್ದು ಎಷ್ಟು ಎಂಬುದು ಎಲೆಗಿಂತ ಮೊದಲೇ ನಿಜ ಹೇಳುತ್ತದೆ. ಉಪ್ಪಿನ ಪೆಟ್ಟು ಮೊದಲು ಬೀಳುವುದು ಬೇರಿನ ಮೇಲೆ.

ಬಳಿಕ ಪ್ರತಿ ತದ್ರೂಪಿಗೆ ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆಯಿರಿ: ಉಪ್ಪಿನಲ್ಲಿ ಬಂದ ಒಟ್ಟು ಬೆಳವಣಿಗೆ, ಮತ್ತು ಅದು ಸಿಹಿನೀರಿನಲ್ಲಿ ಬಂದದ್ದರ ಶೇಕಡಾ ಎಷ್ಟು. ಉದಾಹರಣೆಗೆ ಒಂದು ತದ್ರೂಪಿ ಸಿಹಿನೀರಿನಲ್ಲಿ 2 ಕಿಲೋ, ಉಪ್ಪಿನಲ್ಲಿ 1.4 ಕಿಲೋ ಕೊಟ್ಟಿತು, ಅಂದರೆ ಶೇಕಡಾ 70. ಇನ್ನೊಂದು 600 ಗ್ರಾಂ ಮತ್ತು 540 ಗ್ರಾಂ ಕೊಟ್ಟಿತು, ಅಂದರೆ ಶೇಕಡಾ 90. ಎರಡನೆಯದೇ ಉತ್ತಮ ಎಂದು ಅನೇಕರು ಹಿಗ್ಗುತ್ತಾರೆ, ಆದರೆ ದನದ ಹೊಟ್ಟೆಗೆ ಬೇಕಾದದ್ದು ಮೊದಲನೆಯದು. ನಿಧಾನವಾಗಿ ಬೆಳೆಯುವ ಗಿಡಕ್ಕೆ ಉಪ್ಪಿನಿಂದ ಕಳೆದುಕೊಳ್ಳುವುದಕ್ಕೂ ಹೆಚ್ಚೇನಿರುವುದಿಲ್ಲ. ಆ ಎರಡನೆಯದನ್ನು ಎಸೆಯಬೇಡಿ, ಏಳನೆಯ ಹಂತದಲ್ಲಿ ಅದಕ್ಕೆ ಕೆಲಸವಿದೆ.

6. ಎರಡನೆಯ ತಲೆಮಾರು ಮತ್ತು ಮಳೆಗಾಲ

ಉಪ್ಪು ನೀರಿನಲ್ಲಿ ಹುಟ್ಟಿ ಬೆಳೆದ ಹೊಸ ಎಲೆಗಳನ್ನು ಮಾಡಿನಡಿಯಲ್ಲೇ ಬಲಿಯಲು ಬಿಟ್ಟು, ಮುಂದಿನ ದೀಪಾವಳಿಗೆ ಕತ್ತರಿಸಿ ಮತ್ತೆ ಅದೇ ಮಟ್ಟದ ಉಪ್ಪಿನಲ್ಲಿ ಬೆಳೆಸಿ. ಸಿಹಿನೀರಿನ ತಾಯಿಯ ಬುತ್ತಿ ಈಗ ಇಲ್ಲ. ಈ ಎಲೆಗಳು ಬೇರು ಬಿಟ್ಟು ಚಿಗುರಿದರೆ ಅದು ನಿಜವಾದ ತಾಳಿಕೆ. ಮೊದಲ ವರ್ಷ ಮುಂದಿದ್ದ ಕೆಲವು ತದ್ರೂಪಿಗಳು ಇಲ್ಲಿ ಕುಸಿಯುತ್ತವೆ, ಅದರಿಂದ ಬೇಸರಗೊಳ್ಳಬೇಡಿ. ಅವನ್ನು ಕಂಡುಹಿಡಿಯಲೆಂದೇ ಈ ಹಂತ ಇರುವುದು.

ಉಳಿದ ಎರಡು ಮೂರು ತದ್ರೂಪಿಗಳನ್ನು ಮೂರನೆಯ ವರ್ಷ ಹೊಲಕ್ಕೆ ಇಳಿಸಿ. ಮುರಕಲ್ಲಿನ ಚೂರು ಮತ್ತು ಹೊಯಿಗೆ ಸೇರಿಸಿ 45–60 ಸೆಂಟಿಮೀಟರ್ ಎತ್ತರದ ಏರಿ ಮಾಡಿ, ಎರಡು ಬದಿಗೂ ನೀರು ಹರಿದುಹೋಗುವ ಕಣಿ ತೋಡಿ. ಎಲೆಯ ಅಗಲ ಮುಖ ಪೂರ್ವ-ಪಶ್ಚಿಮಕ್ಕೆ ಇರಬೇಕೆಂದು ಒಣನಾಡಿನ ಕೈಪಿಡಿಗಳು ಹೇಳುತ್ತವೆ, ಬಿಸಿಲಿನ ದೃಷ್ಟಿಯಿಂದ ಅದು ಸರಿ. ನಮ್ಮಲ್ಲಿ ಜೂನ್-ಜುಲೈಯ ಪಶ್ಚಿಮದ ಗಾಳಿ ಅಗಲ ಮುಖಕ್ಕೆ ಬಡಿದು ಗಿಡವನ್ನು ಬುಡಸಮೇತ ಅಲುಗಿಸುತ್ತದೆ, ಅಲುಗಿದ ಬುಡದಲ್ಲಿ ಕೊಳೆ ಶುರುವಾಗುತ್ತದೆ. ಆದ್ದರಿಂದ ತೆರೆದ ಜಾಗದಲ್ಲಿ ಎಲೆಯ ಅಂಚು ಗಾಳಿಗೆ ಎದುರಾಗಿರುವಂತೆ ನೆಡುವುದನ್ನೇ ನಾನು ಸೂಚಿಸುತ್ತೇನೆ. ಮೇ ಕೊನೆಯಲ್ಲೊಮ್ಮೆ, ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ಬೋರ್ಡೋ ಸಿಂಪಡಿಸಿ. ಕೊಳೆತ ಎಲೆಯನ್ನು ಕಂಡ ದಿನವೇ ಕೀಲಿನ ಕೆಳಗೆ ಕತ್ತರಿಸಿ ತೆಗೆಯಿರಿ. ಕತ್ತಿಯನ್ನು ಪ್ರತಿ ಗಿಡಕ್ಕೂ ಬೆಂಕಿಯಲ್ಲಿ ಹಿಡಿದು ಶುದ್ಧಗೊಳಿಸಿ. ಯಾವ ತದ್ರೂಪಿಯಲ್ಲಿ ಎಷ್ಟು ಗಿಡ ಕೊಳೆಯಿತು ಎಂಬ ಲೆಕ್ಕ ಉಪ್ಪಿನ ಲೆಕ್ಕದಷ್ಟೇ ಮುಖ್ಯ.

7. ಅಡ್ಡತಳಿ ಮಾಡುವ ಆಸೆ ಇದ್ದರೆ

ಆಯ್ದ ತದ್ರೂಪಿಗಳು ಹೂ ಬಿಟ್ಟರೆ, ಹೆಚ್ಚು ಬೆಳೆಯುವುದನ್ನೂ ಹೆಚ್ಚು ತಾಳುವುದನ್ನೂ ಕೂಡಿಸಬಹುದು. ಹೂ ಅರಳುವ ಹಿಂದಿನ ದಿನ ಮೊಗ್ಗನ್ನು ಬಿಡಿಸಿ ಕೇಸರಗಳನ್ನೆಲ್ಲ ತೆಗೆದು, ಕಾಗದದ ಚೀಲ ಕಟ್ಟಿ, ಮರುದಿನ ಇನ್ನೊಂದು ಗಿಡದ ಪರಾಗವನ್ನು ಹಚ್ಚಿ ಮತ್ತೆ ಕಟ್ಟಬೇಕು. ಬೀಜದ ಸಿಪ್ಪೆ ಬಹಳ ಗಟ್ಟಿ, ಉಜ್ಜಿ ನೆನೆಸಿಯೇ ಬಿತ್ತಿ. ಒಂದು ಬೀಜದಿಂದ ಎರಡು ಮೂರು ಸಸಿ ಬಂದರೆ ಹಿಗ್ಗಬೇಡಿ: ಕಳ್ಳಿಯಲ್ಲಿ ಪರಾಗದ ಪಾತ್ರವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟುವ ಸಸಿಗಳು ಸಾಮಾನ್ಯ, ಅವು ತಾಯಿಯ ತದ್ರೂಪಿಗಳೇ. ಈ ಜಾತಿಯಲ್ಲಿ ವರ್ಣತಂತುಗಳು ಹನ್ನೊಂದರ ಎಂಟು ಗುಂಪುಗಳಾಗಿ, ಒಟ್ಟು 88 ಇರುವುದರಿಂದ ಸಸಿಗಳ ಗುಣವನ್ನು ಮುಂಚಿತವಾಗಿ ಹೇಳಲಾಗುವುದಿಲ್ಲ. ಮುಳ್ಳಿಲ್ಲದ ತಾಯಿಗೆ ಮುಳ್ಳಿನ ಮಕ್ಕಳು ಹುಟ್ಟುವುದುಂಟು. ಇದು ಸಂಶೋಧನಾ ಕೇಂದ್ರದ ಜೊತೆ ಸೇರಿ ಮಾಡಬೇಕಾದ, ಹತ್ತು ವರ್ಷ ಹಿಡಿಯಬಹುದಾದ ಕೆಲಸ.

8. ಹಂಚುವ ಮೊದಲು

ಬೇಸಿಗೆಯಲ್ಲಿ ಮೇವಾಗಿ ಕೊಡುವಾಗ ಕಳ್ಳಿಯನ್ನೊಂದೇ ಕೊಡಬೇಡಿ. ಅದರಲ್ಲಿ ಪ್ರೋಟೀನ್ ಕಡಿಮೆ, ನೀರು ಹೆಚ್ಚು, ಹಸುವಿಗೆ ಭೇದಿಯಾಗುತ್ತದೆ. ಕೊಚ್ಚಿ ಬೈಹುಲ್ಲಿನ ಜೊತೆ ಬೆರೆಸಿ, ದಿನಕ್ಕೆ ಒಂದೆರಡು ಕಿಲೋದಿಂದ ಆರಂಭಿಸಿ ನಿಧಾನವಾಗಿ ಏರಿಸಿ. ಉಪ್ಪು ಜಾಗದಲ್ಲಿ ಬೆಳೆದ ಎಲೆ ಕೊಡುವಾಗ ಮುರುವಿಗೆ ಹಾಕುವ ಉಪ್ಪನ್ನು ಕಡಿಮೆ ಮಾಡಿ.

ನಿಮ್ಮ ಆಯ್ಕೆ ನಿಜಕ್ಕೂ ಬೇರೆ ಎನಿಸಿದರೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಅಡಿಯಲ್ಲಿ ರೈತ ತಳಿಯಾಗಿ ನೋಂದಣಿಗೆ ಕೇಳಬಹುದು. ಈ ಜಾತಿ ಅಧಿಸೂಚಿತ ಪಟ್ಟಿಯಲ್ಲಿದೆಯೇ ಎಂದು ಮೊದಲು ವಿಚಾರಿಸಿ. ರೈತರಿಗೆ ಶುಲ್ಕವಿಲ್ಲ, ಆದರೆ ತಳಿ ಇತರ ತಳಿಗಳಿಗಿಂತ ಭಿನ್ನ, ಏಕರೂಪ ಮತ್ತು ಸ್ಥಿರ ಎಂದು ತೋರಿಸಬೇಕು. ಸಂಸ್ಥೆಯಿಂದ ತಂದ ತದ್ರೂಪಿಯನ್ನೇ ಚೆನ್ನಾಗಿ ಬೆಳೆಸಿ ತೋರಿಸಿದರೆ ಅದು ನಿಮ್ಮ ತಳಿಯಾಗುವುದಿಲ್ಲ. ಅದರ ಮೂಲ ಸಂಖ್ಯೆಯನ್ನೇ ಹೇಳಿ ಹಂಚಿ.

ಆಯ್ಕೆಯಲ್ಲಿ ಸೋತ ಗಿಡಗಳನ್ನು ತೋಡಿಗೆ, ಹೊಳೆಗೆ, ಗುಡ್ಡದ ಬದಿಗೆ ಎಸೆಯಬೇಡಿ. ಮಣ್ಣಿಗೆ ತಾಗಿದ ತುಂಡು ಕೂಡ ಬೇರು ಬಿಡುತ್ತದೆ. ಆಸ್ಟ್ರೇಲಿಯಾದಲ್ಲಿ ತೋಟದಿಂದ ತಪ್ಪಿಸಿಕೊಂಡ ಪಾಪಾಸುಕಳ್ಳಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಟ್ಯಂತರ ಎಕರೆಯನ್ನು ಆವರಿಸಿತ್ತು. ಮುಳ್ಳಿಲ್ಲದವನ್ನು ಕೊಚ್ಚಿ ಹಟ್ಟಿಗೆ ಕೊಡಿ, ಮುಳ್ಳಿನವನ್ನು ಏಪ್ರಿಲ್ ಬಿಸಿಲಿನಲ್ಲಿ ಕಲ್ಲಿನ ಮೇಲೆ ಹರಡಿ ಪೂರ್ತಿ ಒಣಗಿಸಿ, ಸುಡುಮಣ್ಣು ಮಾಡುವ ರಾಶಿಗೆ ಸೇರಿಸಿ.